ಕೆಂಪು ರೀಲೂ ಮಾವನ ಬಲಗಡೆಯ ಜಾಗವೂ

ನಿಮಗೆ ಷಡ್ಡಕ ಇದ್ದಾನೆಯೇ? ಇಲ್ಲವಾದರೆ ನೀವು ಪುಣ್ಯವಂತರು, ಹಾಯಾಗಿ ಕಾಲು ಚಾಚಿ ಮುಂದೆ ಓದಿ. ಇದ್ದರೆ ನನ್ನ ಸಂಕಟ ಅರ್ಧ ವಾಕ್ಯದಲ್ಲೇ ನಿಮಗೆ ತಿಳಿದುಹೋಗುತ್ತದೆ. ಹೆಂಡತಿಯ ತಂಗಿಯ ಗಂಡನನ್ನು ನಾವು ಆರಿಸಿಕೊಂಡಿರುವುದಿಲ್ಲ, ಪಾಪ, ಅವನೂ ನಮ್ಮನ್ನು ಆರಿಸಿಕೊಂಡಿರುವುದಿಲ್ಲ. ಆದರೂ ಜೀವಮಾನವಿಡೀ ಒಬ್ಬರ ಎಲೆ ಒಬ್ಬರಿಗೆ ಕಾಣುವ ಹಾಗೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಅವನ ಹೋಳಿಗೆಯ ಮೇಲೆ ನಮ್ಮ ಅತ್ತೆ ಎಷ್ಟು ತುಪ್ಪ ಸುರಿದರು, ನನ್ನದರ ಮೇಲೆ ಎಷ್ಟು ಸುರಿದರು ಎಂದು ನಾನು ವರ್ಷಗಳಿಂದ ಓರೆಗಣ್ಣಿನಲ್ಲಿ ಅಳೆಯುತ್ತಲೇ ಬಂದಿದ್ದೇನೆ.

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಒಂದು ಕೆಂಪು ರೀಲು ಕುಳಿತಿದೆ. ಬಟ್ಟೆ ಹೊಲಿಯುವ ದಾರದ ರೀಲಲ್ಲ, ಮೀನು ಹಿಡಿಯುವ ಗಾಳದ ಕೋಲಿಗೆ ಕಟ್ಟುವ ರೀಲು. ಮುಷ್ಟಿ ಗಾತ್ರದ್ದು, ಪಕ್ಕದಲ್ಲೊಂದು ಹಿಡಿ. ಹಿಡಿ ತಿರುವಿದರೆ ಕರ್ ಕರ್ ಎನ್ನುತ್ತದೆ. ಬಣ್ಣವಂತೂ ಸಂಕ್ರಾಂತಿ ಹೊತ್ತಿಗೆ ಬರುವ ಮೊದಲ ನಂಬರಿನ ಒಣ ಮೆಣಸಿನಕಾಯಿಯ ಬಣ್ಣ. ನೋಡಿದವರೆಲ್ಲ "ಭಾರಿ ಛಲೋ ಐತ್ರಿ" ಅನ್ನುತ್ತಾರೆ. ಅದನ್ನು ಆರಿಸಿದ್ದು ಹೇಗೆ ಎಂದು ಯಾರೂ ಕೇಳಿರಲಿಲ್ಲ, ಮೊನ್ನೆಯವರೆಗೆ.

ಆರಿಸುವುದು ಎಂದ ಮೇಲೆ ನನ್ನ ಕಸುಬಿನ ಮಾತು ಹೇಳಲೇಬೇಕು. ಬ್ಯಾಡಗಿಯಲ್ಲಿ ನನ್ನದೊಂದು ಮೆಣಸಿನಕಾಯಿಯ ದಲಾಲಿ ಅಂಗಡಿ. ಇಲ್ಲಿಯ ಕಾಯಿ ನಿಮಗೆ ಗೊತ್ತಲ್ಲ, ಖಾರಕ್ಕೆ ಹೆಸರಾದದ್ದಲ್ಲ, ಬಣ್ಣಕ್ಕೆ ಹೆಸರಾದದ್ದು. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತೇನೆ, ಬಾಗಿಲ ಬೆಳಕಿಗೆ ಹಿಡಿಯುತ್ತೇನೆ, ನೆರಿಗೆ ನೋಡುತ್ತೇನೆ, ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತೇನೆ, ಆಮೇಲೆ ಇದು ಇಂಥ ಮಾಲು ಎಂದು ಬಿಡುತ್ತೇನೆ. ಎರಡನೆಯ ಮಾತಿಲ್ಲ. ಪೇಟೆಯಲ್ಲಿ ನನ್ನ ಕಣ್ಣಿಗೆ ಬೆಲೆ ಇದೆ. ಆದರೆ ಈ ಕಣ್ಣನ್ನು ಸಂಜೆ ಅಂಗಡಿಯಲ್ಲೇ ಬಿಟ್ಟು ಬರಲು ನನಗೆ ಆಗುವುದಿಲ್ಲ. ಅಂಗಿ, ಛತ್ರಿ, ಸ್ಕೂಟರು, ಕಲ್ಲಂಗಡಿ, ಎಲ್ಲಕ್ಕೂ ಮೊದಲು ಬಣ್ಣ. ನನ್ನ ಹೆಂಡತಿ ಗಿರಿಜಾ ಬಂದವರೆದುರೆಲ್ಲ ಹೇಳುತ್ತಾಳೆ: "ಇವ್ರು ಕನ್ಯಾ ನೋಡಾಕ ಬಂದಾಗ ನನ್ನ ಸೀರಿ ಬಣ್ಣಾ ನೋಡಿ ಹ್ಞೂಂ ಅಂದ್ರು. ನನ್ನ ಮುಖಾ ನೋಡಿದ್ದು ಲಗ್ನ ಆದ ಮರುದಿನ." ಸೀರೆ ಕುಂಕುಮದ ಬಣ್ಣದ್ದು, ಹಸಿರು ಅಂಚು. ಮುಖವೂ ಚೆನ್ನಾಗಿಯೇ ಇತ್ತು, ಅದು ನನ್ನ ಅದೃಷ್ಟ.

ಇನ್ನು ನನ್ನ ಹೊಟ್ಟೆಕಿಚ್ಚಿನ ಮಾತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅದು ನನಗೆ ಹುಟ್ಟಿನಿಂದ ಬಂದದ್ದು. ನಾನು ಹುಟ್ಟಿದ್ದು ಅಗಡಿಯಲ್ಲಿ. ಊರ ಕೆರೆಗೆ ಅಣ್ಣನೂ ನಾನೂ ಗಾಳ ಹಾಕಲು ಹೋಗುತ್ತಿದ್ದೆವು. ಗಾಳವೆಂದರೆ ಅವ್ವನ ಸೀರೆಗೆ ಚುಚ್ಚಿಕೊಳ್ಳುವ ಪಿನ್ನು ಬಾಗಿಸಿದ್ದು. ತೇಲುವುದಕ್ಕೆ ಜೋಳದ ದಂಟಿನ ಬೆಂಡು. ಹಿಟ್ಟಿನ ಉಂಡೆಯನ್ನು ಮೀನಿಗೆಂದು ಕಟ್ಟಿಕೊಂಡು ಹೋಗಿ ದಾರಿಯಲ್ಲಿ ಅರ್ಧ ನಾವೇ ತಿನ್ನುತ್ತಿದ್ದೆವು. ಅಣ್ಣನ ಬೆಂಡು ಮುಳುಗುತ್ತಿತ್ತು, ನನ್ನದು ಮುಳುಗುತ್ತಿರಲಿಲ್ಲ. ಒಂದೇ ಕೆರೆ, ಒಂದೇ ಹಿಟ್ಟು, ಪಿನ್ನೂ ಒಂದೇ ಸೀರೆಯದು! ಅಣ್ಣನ ಬೆಂಡು ಅಲುಗಾಡಿದ ಕೂಡಲೇ ನಾನು ಮೆಲ್ಲಗೆ ಒಂದು ಕಲ್ಲನ್ನು ನೀರಿಗೆ ಬಿಡುತ್ತಿದ್ದೆ. ಮೀನು ಓಡುತ್ತಿತ್ತು, ಹಿಂದೆಯೇ ಅಣ್ಣ ನನ್ನನ್ನು ಓಡಿಸುತ್ತಿದ್ದ. ಅಳುತ್ತ ಮನೆಗೆ ಬಂದವನನ್ನು ನೋಡಿ ಅವ್ವ ಅನ್ನುತ್ತಿದ್ದಳು: "ನಿನ್ನ ಹೊಟ್ಟಿಕಿಚ್ಚಿನ್ಯಾಗ ಹತ್ತ ರೊಟ್ಟಿ ಸುಡಬೌದು ನೋಡಪಾ. ಕಟಗೀ ಉಳೀತು."

ಅಪ್ಪ ನಾನು ಐದನೇ ಇಯತ್ತೆಯಲ್ಲಿದ್ದಾಗಲೇ ತೀರಿಹೋದರು. ಹಿರಿಯರೊಬ್ಬರ ಪಕ್ಕದಲ್ಲಿ ಏನೂ ಮಾತಾಡದೆ ಸುಮ್ಮನೆ ಕುಳಿತಿರುವುದು ಎಂದರೇನು ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ, ಮಾವನ ಊರಿನ ಹೊಳೆದಂಡೆಯಲ್ಲಿ.

ಮಾವ ದುರಗಪ್ಪನವರ ಊರು ರಾಣೆಬೆನ್ನೂರಿನಿಂದ ಆಚೆ, ತುಂಗಭದ್ರೆಯ ದಂಡೆಯ ಮೇಲೆ. ವಯಸ್ಸಿನಲ್ಲಿ ಹರಿಗೋಲು ಹಾಕಿದವರು. ಸೇತುವೆ ಬಂದ ಮೇಲೆ ಹರಿಗೋಲನ್ನು ದನದ ಕೊಟ್ಟಿಗೆಯಲ್ಲಿ ಬೋರಲು ಹಾಕಿ ಹೊಲ ಹಿಡಿದರು. ಆದರೆ ಭಾನುವಾರ ಮಾತ್ರ ಹೊಳೆಗೇ ಮೀಸಲು. ಊರಿನಿಂದ ತುಸು ಕೆಳಗೆ ಹೊಳೆ ತಿರುಗುವಲ್ಲಿ ಒಂದು ಮಡು, ಅದರ ತಲೆಯ ಮೇಲೆ ಒಂದು ಬಂಡೆ. ಆನಿಬಂಡಿ ಎಂದು ಅದರ ಹೆಸರು. ಹೆಸರು ದೊಡ್ಡದು, ಜಾಗ ಇಬ್ಬರಿಗೆ ಮಾತ್ರ. ಎಡಗಡೆ ಮಾವ, ಬಲಗಡೆ ನಾನು. ನಾನು ಹಿಟ್ಟು ನಾದಿ ಕೊಡುತ್ತಿದ್ದೆ, ಸಿಕ್ಕುಬಿದ್ದ ದಾರ ಬಿಡಿಸುತ್ತಿದ್ದೆ, ಹೊತ್ತಿಗೆ ಸರಿಯಾಗಿ ಎಲೆ ಅಡಿಕೆ ಮುಂದೆ ಹಿಡಿಯುತ್ತಿದ್ದೆ. ಮಾವ ತಾಸಿಗೊಂದು ಮಾತಾಡಿದರೆ ಹೆಚ್ಚು. "ಅಳಿಯಾರ, ಗಾಳಿ ತಿರುಗ್ತು." ಅಷ್ಟೇ. ಆ ಒಂದು ಮಾತನ್ನು ಇಟ್ಟುಕೊಂಡು ನಾನು ಬಸ್ಸಿನಲ್ಲಿ ಬ್ಯಾಡಗಿಯವರೆಗೂ ಸುಖವಾಗಿ ಬರುತ್ತಿದ್ದೆ. ವಾರವಿಡೀ ಮೆಣಸಿನಕಾಯಿಯ ಘಾಟಿನಲ್ಲಿ ಸೀನಿ ಸೀನಿ ಸುಸ್ತಾದವನಿಗೆ ಆ ಬಲಗಡೆಯ ಜಾಗವೇ ಆಸ್ತಿ. ಇದನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವನಲ್ಲ. ಹೇಳಿದ್ದರೆ ಎಲ್ಲರೂ ನಗುತ್ತಿದ್ದರು.

ನನ್ನ ಷಡ್ಡಕ ನಿಂಗರಾಜನಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಒಳ್ಳೆಯವನು. ಅದೇ ಅವನ ದೊಡ್ಡ ದೋಷ. ಬಂದ ಕೂಡಲೇ ಮಾವನ ಕಾಲು ಮುಟ್ಟುತ್ತಾನೆ, ಅತ್ತೆಗೆ ಮೋಸಂಬಿ ತರುತ್ತಾನೆ, ನನ್ನನ್ನು ಬಾಯಿತುಂಬ "ಅಣ್ಣಾರ" ಎನ್ನುತ್ತಾನೆ. ಜಗಳಕ್ಕೆ ಒಂದು ಎಳೆ ಸಿಗಲಿ ಎಂದು ವರ್ಷಗಟ್ಟಲೆ ಹುಡುಕಿದ್ದೇನೆ. ಸಿಕ್ಕಿಲ್ಲ. ಅವನು ಕೆಟ್ಟವನಾಗಿದ್ದರೆ ನಾನು ಎಷ್ಟು ನೆಮ್ಮದಿಯಿಂದ ಇರುತ್ತಿದ್ದೆ! ಹೊಳೆಯ ಕಡೆ ಮಾತ್ರ ಅವನು ತಲೆ ಹಾಕಿರಲಿಲ್ಲ, ಅದೊಂದು ಸಮಾಧಾನ ನನಗಿತ್ತು.

ಹೋದ ವರ್ಷ ಸೀಗಿ ಹುಣ್ಣಿಮೆ ಮುಗಿದ ಮೇಲಿನ ಭಾನುವಾರ. ಹೊಳೆಯ ಕೆಂಪು ಇಳಿದು ನೀರು ತಿಳಿಯಾಗತೊಡಗಿತ್ತು. ಮಾವನೂ ನಾನೂ ಬಂಡೆಯ ಮೇಲಿದ್ದೆವು. ಹಿಂದಿನಿಂದ "ಮಾವಾರ, ಸುಮ್ನ ಬಂದೇನ್ರಿ, ನೋಡೂಣಂತ" ಎಂದು ದನಿ ಬಂತು. ತಿರುಗಿ ನೋಡಿದರೆ ನಿಂಗರಾಜ. ಕೈಯಲ್ಲೊಂದು ಕರಿಯ ಕೋಲು, ಕೋಲಿನ ಮೇಲೊಂದು ರೀಲು. ತುದಿಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ಮೀನು ನೇತಾಡುತ್ತಿತ್ತು. ಅದಕ್ಕೆ ಕಣ್ಣು, ಹುರುಪೆ, ಹೊಟ್ಟೆಯ ಕೆಳಗೆ ಮೂರು ಮೂರು ಕೊಕ್ಕೆ. ಮಡುವಿನ ದೊಡ್ಡ ಬಾಳೆ ಮೀನು ಹಿಟ್ಟಿಗೆ ಬಾಯಿ ಹಾಕುವುದಿಲ್ಲ, ಅದಕ್ಕೆ ಮೀನೇ ಬೇಕು, ಅದಕ್ಕೆಂದೇ ಈ ಸುಳ್ಳು ಮೀನು ಎಂದು ವಿವರಿಸಿದ. ಆಮೇಲೆ ಭುಜದ ಹಿಂದಿನಿಂದ ಒಮ್ಮೆ ಬೀಸಿದ. ರೀಲು ಸೊಂಯ್ ಎಂದಿತು. ಮೀನು ಹಾರಿಯೇ ಹಾರಿತು, ಹಾರಿಯೇ ಹಾರಿತು.

"ಏ! ಹೊಳೀ ನಡಬರಕ ಹೋತಲ್ಲೋ ತಮ್ಮಾ!" ಎಂದರು ಮಾವ.

ತಮ್ಮಾ! ಇಷ್ಟು ವರ್ಷ ನಾನು ಹಿಟ್ಟು ನಾದಿದ್ದೇನೆ, ನನಗೆ "ಅಳಿಯಾರ". ಅವನು ಒಂದು ಸಲ ಕೋಲು ಬೀಸಿದ, ಅವನಿಗೆ "ತಮ್ಮಾ". ನನಗೆ ಮರ್ಯಾದೆ, ಅವನಿಗೆ ಪ್ರೀತಿ. ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಚೀಲವನ್ನೇ ಸುರುವಿದ ಹಾಗಾಯಿತು. ಸಾಲದ್ದಕ್ಕೆ ಮಾವ ನನ್ನ ಕಡೆ ತಿರುಗಿ, "ಅಳಿಯಾರ, ಇವತ್ತ ನಿಂಗರಾಜ ಇಲ್ಲಿ ಕುಂದರ್ಲಿ. ಆ ಯಂತ್ರ ಹೆಂಗ ತಿರಗತೈತಿ ನೋಡಬೇಕು. ನೀವು ಕೆಳಗ ಜಾಲೀ ನೆಳ್ಳಾಗ ಆರಾಮ ಕುಂದರ್ರಿ" ಅಂದರು. ಇಳಿದು ಹೋಗಿ ಜಾಲಿಯ ನೆರಳಲ್ಲಿ ಕುಳಿತೆ. ಆ ನೆರಳಿನಲ್ಲಿ ಇರುವೆ ಎಷ್ಟಿದ್ದವು ಎಂದು ಈಗಲೂ ಹೇಳಬಲ್ಲೆ. ಒಂದು ದಿನದ ಮಾತು ಅಂದುಕೊಂಡಿದ್ದೆ. ಮುಂದಿನ ಭಾನುವಾರವೂ ಅವನು ಬಂದ, ಅದರ ಮುಂದಿನದಕ್ಕೂ ಬಂದ. ಬಲಗಡೆಯ ಜಾಗ ಅವನದೇ ಆಯಿತು. ಮಾವ ಆ ರೀಲನ್ನು ಎವೆಯಿಕ್ಕದೆ ನೋಡುತ್ತ ಕೂರುತ್ತಿದ್ದರು, ನಾನು ಮಾವನನ್ನು ನೋಡುತ್ತ ಕೂರುತ್ತಿದ್ದೆ.

ನಾನು ರಾಣೆಬೆನ್ನೂರಿಗೆ ಹೋಗುವುದು ಕದರಮಂಡಲಗಿಯ ಮೇಲಿನ ಬಸ್ಸಿನಲ್ಲಿ. ಒಂದು ಸಲ ಅಲ್ಲಿಳಿದು ಹನುಮಪ್ಪನ ಮುಂದೆ ನಿಂತೆ. ಸುಳ್ಳು ಯಾಕೆ ಹೇಳಲಿ, ಮೊದಲು ಬೇಡಿಕೊಂಡದ್ದು ಆ ರೀಲು ಹೊಳೆಯ ಪಾಲಾಗಲಿ ಎಂದೇ. ಆಮೇಲೆ ದೇವರ ಕಣ್ಣು ನೋಡಿ ಹೆದರಿಕೆಯಾಗಿ, "ಅದಕ್ಕಿಂತ ದೊಡ್ಡದೊಂದು ನನಗ ಕೊಡಪಾ" ಎಂದು ತಿದ್ದಿಕೊಂಡು ಎರಡು ತೆಂಗಿನಕಾಯಿ ಒಡೆಸಿದೆ.

ಅಂದಿನಿಂದ ಮೊಬೈಲು ನನ್ನ ಕೈ ಬಿಡಲಿಲ್ಲ. ಯಾವ್ಯಾವುದೋ ದೇಶದವರು ಯಾವ್ಯಾವುದೋ ಕೆರೆಯ ಮೇಲೆ ದೋಣಿಯಲ್ಲಿ ನಿಂತು ಭಾರದ ಸುಳ್ಳು ಮೀನು ಬೀಸುವುದನ್ನು ನೋಡಿದ್ದೇ ನೋಡಿದ್ದು. ಭಾಷೆ ತಿಳಿಯದಿದ್ದರೂ ಅವರ ರೀಲುಗಳ ಬಣ್ಣ ತಿಳಿಯುತ್ತಿತ್ತು. ನಿಂಗರಾಜನ ಸುಳ್ಳು ಮೀನನ್ನು ನೋಡುವ ನೆಪದಲ್ಲಿ ಇಸಿದುಕೊಂಡು ಬಂದು ಕಾಯಿ ತೂಗುವ ಸಣ್ಣ ತಕ್ಕಡಿಯಲ್ಲಿಟ್ಟು ತೂಗಿದೆ. ಎಂಬತ್ತು ಗ್ರಾಮು! ಗಿರಿಜಾ ಬಾಗಿಲಲ್ಲಿ ನಿಂತು ನೋಡಿ, "ಏನ್ರಿ, ಪ್ಲಾಸ್ಟಿಕ್ ಮೀನಕ್ಕೂ ಲಿಲಾವು ಇಟ್ಟೀರೇನು?" ಎಂದು ಕೇಳಿ ಒಳಗೆ ಹೋದಳು.

ಹಾವೇರಿಯಲ್ಲಿ ಬಲೆ, ಹಗ್ಗ ಮಾರುವ ಒಂದು ಹಳೆಯ ಅಂಗಡಿಯಿದೆ. ಈಗ ರೀಲೂ ಇಡುತ್ತಾರೆ. ಗಲ್ಲೆಯ ಮೇಲೆ ಕೂರುವ ಹಿರಿಯರನ್ನು ಎಲ್ಲರೂ ಚಾಚಾ ಅನ್ನುತ್ತಾರೆ. ನನ್ನ ಮಾತನ್ನೆಲ್ಲ ಕೇಳಿ ಅವರು ಒಂದು ಕರಿಯ, ದುಂಡನೆಯ, ಮಂಕು ಬಡಿದ ರೀಲನ್ನು ಮುಂದಿಟ್ಟರು.

"ನೋಡ್ರಿ ಸಾವ್ಕಾರ್ರ, ಭಾರದ್ದು ಒಗ್ಯಾವ್ರಿಗೆ ಇದ ಬೇಕು. ಹೊಟ್ಟಿ ದೊಡ್ಡದೈತಿ, ದಪ್ಪ ದಾರ ಭಾಳ ಹಿಡಸತೈತಿ. ಹಿಡಿ ಉದ್ದೈತಿ. ಗೇರು ನಿಧಾನದ್ದು."

"ನಿಧಾನದ್ದು ಯಾಕ ಚಾಚಾ? ಜೋರಿಂದ ಛಲೋ ಅಲ್ಲೇನು?"

"ಜೋರಿಂದ ಸಣ್ಣ ಮೀನಕ್ಕ ಛಲೋರಿ. ಒಂದ ಸುತ್ತಿಗೆ ಭಾಳ ದಾರ ಎಳೀತೈತಿ, ಖರೇ. ಆದ್ರ ಭಾರ ಬಿತ್ತಂದ್ರ ಹಿಡಿ ತಿರುಗೂದುಲ್ಲ, ಕೈ ಸೋತ ಹೋಗತೈತಿ. ಹೇರಿದ ಚಕ್ಕಡಿ ಏರಿ ಹತ್ತೂ ಮುಂದ ಎತ್ತು ಓಡತಾವೇನ್ರಿ? ನಿಧಾನಕ್ಕ ಎಳೀತಾವ. ಇದೂ ಹಂಗ."

ಅವರು ಎತ್ತು, ಚಕ್ಕಡಿ ಎಂದೆಲ್ಲ ಹೇಳುತ್ತಿದ್ದಾಗ ನನ್ನ ಕಣ್ಣು ಅವರ ಹಿಂದಿನ ಗಾಜಿನ ಕಪಾಟಿನಲ್ಲಿತ್ತು. ಅಲ್ಲಿ ಇದು ಕುಳಿತಿತ್ತು. ಕೆಂಪು! ಏನು ಕೆಂಪು ಅಂತೀರಿ! ಮಳೆಯಲ್ಲಿ ನೆನೆದು ಕರಿದಾದ ಕಾಯಿಯ ಹಾಗಿದ್ದ ಚಾಚಾನ ರೀಲನ್ನು ಬದಿಗೆ ಸರಿಸಿ ಇದನ್ನು ತೆಗೆಸಿದೆ. ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದೆ. ಕಿವಿಯ ಹತ್ತಿರ ಅಲ್ಲಾಡಿಸಿಯೂ ನೋಡಿದೆ. ಚಾಚಾ ಒಳಗಿನಿಂದ ಇದರ ಗೇರಿನ ಬಗ್ಗೆ, ಹಿಡಿಯ ಬಗ್ಗೆ, ಇನ್ನೂ ಏನೇನೋ ಕೇಳಿದರು. ಎಲ್ಲದಕ್ಕೂ "ಹ್ಞೂಂ, ಹ್ಞೂಂ" ಎಂದೆ. ನಿಂಗರಾಜನ ರೀಲು ಬೂದಿ ಬಣ್ಣದ್ದು. ಇದನ್ನು ನೋಡಿದರೆ ಮಾವ ಅದರ ಕಡೆ ಮತ್ತೆ ತಿರುಗಿಯೂ ನೋಡಲಿಕ್ಕಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಜೊತೆಗೇ ಕೊಂಡಿದ್ದ ಕೋಲಿಗೆ ರೀಲನ್ನೂ ಒಂದು ಸುಳ್ಳು ಮೀನನ್ನೂ ಕಟ್ಟಿ, ಕಲಿತ ಮೇಲೆಯೇ ಹೊಳೆಗೆ ಒಯ್ಯುವುದೆಂದು ಅಂಗಡಿಯ ಹಿಂದಿನ ಕಣದಲ್ಲಿ ಅಭ್ಯಾಸ ಶುರುಮಾಡಿದೆ. ಅಲ್ಲಿ ತೊಟ್ಟು ಬಿಡಿಸುವ ಹೆಂಗಸರು ಸಾಲಾಗಿ ಕುಳಿತಿರುತ್ತಾರೆ. ಮೊದಲ ಬೀಸಿಗೆ ಸುಳ್ಳು ಮೀನು ನೇರ ಮೆಣಸಿನಕಾಯಿ ರಾಶಿಗೆ ಬಿತ್ತು. ಎರಡನೆಯದಕ್ಕೆ ಗೋಣಿಚೀಲ ಕಚ್ಚಿತು. ಮೂರನೆಯದಕ್ಕೆ ರೀಲಿನೊಳಗಿನ ದಾರವೆಲ್ಲ ಉಕ್ಕಿ ಬಂದು ಗುಬ್ಬಿಗೂಡಾಯಿತು. "ಸಾವ್ಕಾರ್ರು ಮೆಣಸಿನಕಾಯ್ಯಾಗ ಮೀನ ಹಿಡ್ಯಾಕತ್ತಾರವಾ" ಎಂದು ಒಬ್ಬಳು ಅಂದಳು, ಕಣವೆಲ್ಲ ನಕ್ಕಿತು. ಅವರಲ್ಲಿ ಹಿರಿಯಳು ಗೌರವ್ವ. ಸುಮ್ಮನೆ ನೋಡುತ್ತಿದ್ದವಳು ಕೇಳಿದಳು:

"ಸಾವ್ಕಾರ್ರ, ನೀವು ಊಟಾ ಎಡಗೈಲೆ ಮಾಡ್ತೀರೇನ್ರಿ?"

"ಛೇ, ಯಾಕ?"

"ಮತ್ತ ಈ ಕೋಲಿನ ಹಿಡಿ ಬಲಕ್ಕ ಐತಲ್ರಿ. ಬಲಗೈಲೆ ಹಿಡಿ ತಿರುವಬೇಕಂದ್ರ ಕೋಲು ಎಡಗೈಯಾಗ ಇರಬೇಕಾತಲ್ಲ. ಎಡಗೈಲೆ ಹೆಂಗ ಬೀಸ್ತೀರಿ?"

ಒಳಗೆ ಹೋಗಿ ಚಾಚಾಗೆ ಫೋನು ಹಚ್ಚಿದೆ. "ನಾ ಕೇಳಿದ್ನೆಲ್ರಿ, ಬಲಗಡೆ ಹಿಡಿ ನಡೀತೈತೇನ್ರಿ ಅಂತ. ನೀವು ಹ್ಞೂಂ ಅಂದ್ರಿ" ಅಂದರು. ಈ ಜಾತಿಯ ರೀಲಿನಲ್ಲಿ ಹಿಡಿ ಕಳಚಿ ಆ ಕಡೆ ಹಾಕಲು ಬರುವುದಿಲ್ಲವಂತೆ. ತಿರುಗಿ ಕೊಡೋಣವೆಂದರೆ ಅಷ್ಟರಲ್ಲಿ ಅದರ ತುಂಬ ಮೆಣಸಿನಕಾಯಿ ಧೂಳು. ಕಾಯಿಯ ಬಣ್ಣಕ್ಕೆ ಪೇಟೆಗೆ ಪೇಟೆಯೇ ನಂಬುವ ಕಣ್ಣು, ಹಿಡಿ ಯಾವ ಕಡೆ ಇದೆ ಎಂದು ನೋಡಿರಲಿಲ್ಲ!

ಆದರೆ ಹೊಟ್ಟೆಕಿಚ್ಚಿಗೆ ನಾಚಿಕೆ ಎಲ್ಲಿಯದು? ಈ ವರ್ಷ ಸೀಗಿ ಹುಣ್ಣಿಮೆ ಕಳೆದ ಮೇಲೆ ಅದೇ ರೀಲನ್ನು ಕಟ್ಟಿಕೊಂಡು ಹೊಳೆಗೆ ಹೋದೆ. ಬಂಡೆಯ ಮೇಲೆ ಎಡಗಡೆ ಮಾವ, ಬಲಗಡೆ ನಿಂಗರಾಜ. ಅವನೇ ಮೊದಲು ನೋಡಿ, "ಅಣ್ಣಾರ, ಏನ್ ಬಣ್ಣಾರಿ!" ಅಂದ. ಜೀವ ಹಗುರಾಯಿತು. ಕೆಳಗೆ ನಿಂತು, ತಿಂಗಳುಗಟ್ಟಲೆ ಕಲಿತಿದ್ದ ಎಡಗೈಯಲ್ಲಿ ಬೀಸಿದೆ. ಸುಳ್ಳು ಮೀನು ಹಿಂದಕ್ಕೆ ಹೋಗಿ ಜಾಲಿಮರಕ್ಕೆ ಸಿಕ್ಕಿತು. ಬಿಡಿಸಿಕೊಂಡು ಬಂದು ಮತ್ತೆ ಬೀಸಿದೆ. ಈ ಸಲ ನನ್ನ ಚಪ್ಪಲಿ ಕಚ್ಚಿತು. ನಿಂಗರಾಜ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. "ಹಂಗ ಆಗತೈತ್ರಿ ಅಣ್ಣಾರ, ಮೊದಮೊದಲ ನನಗೂ ಆಗ್ತಿತ್ತು" ಅಂದ.

ಆಗ ಮಾವ ಅಂದರು: "ಅಳಿಯಾರ, ಅದನ್ನ ಇಲ್ಲಿ ತರ್ರಿ, ನೋಡೂಣು."

ಕೊಟ್ಟೆ. ಅವರು ಹಿಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕೋಲನ್ನು ಎಡಗೈಗೆ ತೆಗೆದುಕೊಂಡರು, ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿಯ ಮೇಲಿಟ್ಟರು. ಎಡಗೈ ಒಂದು ಸಲ ಹಿಂದೆ ಹೋಗಿ ಮುಂದೆ ಬಂತು, ಸುಳ್ಳು ಮೀನು ಮಡುವಿನ ನಟ್ಟನಡುವೆ ಬಿತ್ತು. ಹರಿಗೋಲು ಹಾಕಿದ ಕೈಯಲ್ಲವೇ, ಎಡ ಬಲ ಎಂಬ ಭೇದ ಅದಕ್ಕಿರಲಿಲ್ಲ.

"ಇದ ಬೇಕಾಗಿತ್ತು ನೋಡ್ರಿ ನನಗ" ಎಂದರು. "ಈ ಬಲಭುಜಾ ಹಿಡಕೊಂಡು ವರ್ಷದ ಮ್ಯಾಲಾತು. ಮ್ಯಾಲ ಏಳೂದುಲ್ಲ. ಬಿದಿರಿನ ಗಳಾ ಎತ್ತಾಕ ಎರಡೂ ಕೈ ಬೇಕು. ನಿಂಗರಾಜಂದ ಯಂತ್ರದ ಹಿಡಿ ಎಡಕ್ಕ ಐತಿ, ಅದನ್ನ ಬೀಸಬೇಕಂದ್ರ ಬಲಗೈನ ಬೇಕು. ದಿನಾ ನೋಡ್ತಿದ್ದೆ, ಏನರ ದಾರಿ ಐತೇನಂತ."

ವರ್ಷವಿಡೀ ಮಾವನ ಮುಖ ನೋಡಿದ್ದೆ, ಅವರ ನಗು ಯಾರ ಕಡೆಗಿದೆ ಎಂದು ನೋಡಿದ್ದೆ, ಜಾಗ ಯಾರಿಗೆ ಸಿಕ್ಕಿದೆ ಎಂದು ನೋಡಿದ್ದೆ. ಅವರ ಕೈ ಖಾಲಿಯಿದ್ದದ್ದನ್ನು ಮಾತ್ರ ನೋಡಿರಲಿಲ್ಲ. ನಿಂಗರಾಜನೂ ನೋಡಿರಲಿಲ್ಲ ಎಂದು ಅವನ ಮುಖದಿಂದಲೇ ತಿಳಿಯಿತು, ಅದರಿಂದ ನನಗೆ ತುಸು ಸಮಾಧಾನವಾದದ್ದೂ ನಿಜ.

"ನಿಂಗರಾಜ, ನೀ ಕೆಳಗಿಳಿ. ಅಳಿಯಾರು ಬರ್ಲಿ. ಅವರ ಯಂತ್ರ, ಅವರ ಕುಂದರಬೇಕು" ಎಂದರು ಮಾವ. ಅವನು ಇಳಿದ, ನಾನು ಹತ್ತಿದೆ. ಬಂಡೆ ಬಿಸಿಲಿಗೆ ಕಾದಿತ್ತು. ನನ್ನ ಪಾಲಿಗೆ ಮಾತ್ರ ಅದು ಮೆತ್ತಗಿತ್ತು.

ಹತ್ತೋ ಹನ್ನೆರಡೋ ಬೀಸಿನ ಮೇಲೆ ಕೋಲು ಬಿಲ್ಲಿನ ಹಾಗೆ ಬಾಗಿತು. ಬಾಳೆ ಮೀನು! ನೀರೊಳಗೆ ಎಮ್ಮೆ ಕರು ಹೊರಳಿದ ಹಾಗೆ ಹೊರಳಿತು. ಮಾವ ಎಡಗೈಯಲ್ಲಿ ಕೋಲನ್ನು ಎದೆಗೊತ್ತಿ ಹಿಡಿದರು, ಬಲಗೈಯಲ್ಲಿ ಹಿಡಿ ತಿರುವಲು ನೋಡಿದರು. ತಿರುಗಲಿಲ್ಲ. ನನ್ನ ಕೆಂಪು ರೀಲಿನ ಜೋರಿನ ಗೇರು, ಭಾರದ ಮೀನು, ಹಿಡಿದುಕೊಂಡ ಭುಜ. ಚಾಚಾನ ಚಕ್ಕಡಿ ಏರಿನಲ್ಲಿ ನಿಂತುಬಿಟ್ಟಿತು. ಹಿಡಿ ಇದ್ದದ್ದು ಬಲಗಡೆ. ಬಲಗಡೆ ಕುಳಿತಿದ್ದವನು ನಾನು.

"ತಿರುವೋ ತಮ್ಮಾ! ಹಿಡಿ ತಿರುವು! ಲಗೂನ ತಿರುವೋ!"

ಕೇಳಿದಿರಾ? ತಮ್ಮಾ! ಎರಡೂ ಕೈಯಲ್ಲಿ ಹಿಡಿ ಹಿಡಿದು ತಿರುವಿದೆ. ಮಾವ ಕೋಲನ್ನು ಎತ್ತುವರು, ಇಳಿಸುವರು. ಇಳಿಸಿದಾಗ ನಾನು ತಿರುವುವೆ. ಮತ್ತೆ ಎತ್ತುವರು, ಮತ್ತೆ ತಿರುವುವೆ. "ಹಾಂ, ಹಂಗ, ಹಂಗ! ಬಿಡಬ್ಯಾಡೋ! ನೀ ನನ್ನ ಮಗನ ಹೌದೋ ತಮ್ಮಾ!" ದಾರದೊಳಗೆ ಸೇರಿಕೊಂಡಿದ್ದ ಮೆಣಸಿನಕಾಯಿ ಧೂಳೆಲ್ಲ ನೀರಿನಲ್ಲಿ ನೆಂದು ನಮ್ಮಿಬ್ಬರ ಕೈಗೂ ಅಂಟಿತ್ತು. ಬೆವರು ಒರೆಸಿಕೊಳ್ಳಲು ಹೋಗಿ ಇಬ್ಬರೂ ಅದನ್ನು ಕಣ್ಣಿಗೆ ಹಚ್ಚಿಕೊಂಡೆವು. ದಳದಳ ನೀರು. ನಿಂಗರಾಜ ಮೊಣಕಾಲುದ್ದ ನೀರಿಗಿಳಿದು ಕಿವಿರಿನಲ್ಲಿ ಬೆರಳು ಹಾಕಿ ಮೀನನ್ನು ಎಳೆದು ದಂಡೆಗೆ ಹಾಕಿದ. ನನ್ನ ತೋಳಿನಷ್ಟು ಉದ್ದವಿತ್ತು. ಎದ್ದು ನಿಂತು ಅವನು ಬಂಡೆಯ ಕಡೆ ನೋಡಿದ. ಮಾವ ನನ್ನ ಹೆಗಲ ಮೇಲೆ ಎಡಗೈ ಹಾಕಿಕೊಂಡು ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಅದು ಖಾರಕ್ಕೆ ಬಂದ ನೀರೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಉರಿಯುವ ಕಣ್ಣುಗಳಲ್ಲೇ ನಾನು ಅವನ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅಗಡಿಯ ಕೆರೆಯ ನೀರಿನಲ್ಲಿ ಎಷ್ಟೋ ಸಲ ನೋಡಿದ್ದೇನೆ, ಅದು ನನ್ನದೇ ಮುಖ. ಕೆಳಗೆ ಕೈ ಚಾಚಿ ಮೇಲೆ ಕರೆಯಬಹುದಿತ್ತು, ಒತ್ತಿಕೊಂಡು ಕುಳಿತರೆ ಮೂರನೆಯವನು ಹೇಗೋ ಹಿಡಿಸುತ್ತಿದ್ದನೇನೋ. ನಾನು ಕರೆಯಲಿಲ್ಲ. ಇನ್ನೂ ಒಂದಿಷ್ಟು ಅಗಲವಾಗಿಯೇ ಕುಳಿತೆ.

ಮನೆಯಲ್ಲಿ ಸಾರು, ಜೋಳದ ರೊಟ್ಟಿ. ಮಾವ ಅತ್ತೆಗೆ ಕಥೆ ಹೇಳಿದ್ದೇ ಹೇಳಿದ್ದು. ಉಣ್ಣಲು ಕುಳಿತಾಗ ನಾನು ಮತ್ತೆ "ಅಳಿಯಾರ" ಆಗಿದ್ದೆ. ಚಿಂತೆಯಿಲ್ಲ. ಮೀನು ಕಚ್ಚಿದಾಗ ತಮ್ಮ ಆಗುತ್ತೇನೆ, ನನಗೆ ಅಷ್ಟು ಸಾಕು.

ಮೊನ್ನೆ ನಿಂಗರಾಜನ ಫೋನು ಬಂತು.

"ಅಣ್ಣಾರ, ಒಂದ ಮಾತ ಕೇಳಬೇಕಾಗಿತ್ರಿ. ನನ್ನ ರೀಲು ಮಾವಾರಿಗೆ ಹೊಂದಲಿಲ್ಲ ನೋಡ್ರಿ. ಅವರ ಸಲುವಾಗಿ ನಿಮ್ಮದರಂಥಾದ್ದ ಒಂದು ತರಬೇಕಂತ ಮಾಡೇನಿ. ನೀವು ಅದನ್ನ ಹೆಂಗ ಆರಿಸಿದ್ರಿ?"

ಬಣ್ಣ ನೋಡಿ ಎನ್ನಬೇಕಿತ್ತು. ಅದೇ ಸತ್ಯ. ಮಾತು ತುಟಿಯವರೆಗೂ ಬಂದಿತ್ತು. ಅಷ್ಟರಲ್ಲಿ ಹೊಟ್ಟೆಯೊಳಗಿನ ಒಲೆ ಭುಗ್ಗೆಂದಿತು. ನಿಲ್ಲು! ಇವನೂ ಬಣ್ಣ ನೋಡಿ ನನ್ನದರ ಹಾಗೆ ಜೋರಿನ ಗೇರಿನದೇ ತಂದನೆಂದರೆ, ಮಾವನಿಗೆ ಅದರ ಹಿಡಿಯೂ ತಿರುಗುವುದಿಲ್ಲ. ಆಗ ಬಲಗಡೆ ಕುಳಿತು ತಿರುವುವವನು ಇವನು. "ತಿರುವೋ ತಮ್ಮಾ" ಎಂದು ಕೇಳಿಸಿಕೊಳ್ಳುವವನೂ ಇವನೇ. ಸಾಧ್ಯವೇ ಇಲ್ಲ!

"ಬರಕೊಳ್ರಿ" ಎಂದೆ. ಚಾಚಾ ನನಗೆ ಹೇಳಿದ್ದನ್ನು, ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದನ್ನು, ಒಂದಕ್ಷರ ಬಿಡದೆ ಹೇಳಿದೆ. "ಹಿಡಿ ಬಲಗಡಿ ಇರಬೇಕು, ಉದ್ದ ಇರಬೇಕು. ದಪ್ಪ ದಾರ ಹಿಡಸೂವಂಥಾ ದೊಡ್ಡ ಹೊಟ್ಟಿ. ಗೇರು ಮಾತ್ರ ನಿಧಾನದ್ದ ಬೇಕು, ಮರೀಬ್ಯಾಡ್ರಿ. ಹೇರಿದ ಚಕ್ಕಡಿ ಏರಿ ಹತ್ತೂ ಮುಂದ ಎತ್ತು ಓಡತಾವೇನು? ಬಣ್ಣಕ್ಕ ಮಳ್ಳಾಗಬ್ಯಾಡ್ರಿ. ಹಾವೇರ್ಯಾಗ ಕರೀದೊಂದು ಐತಿ, ಮಂಕಾಗಿ ಕಾಣತೈತಿ, ಅಂಥಾದ್ದ, ಬಲಗಡಿ ಹಿಡಿ ಇದ್ದದ್ದು ಕೇಳ್ರಿ."

ಅವನು ಎಲ್ಲವನ್ನೂ ಬರೆದುಕೊಂಡ. ಆಮೇಲೆ ಅಂದ: "ಅಣ್ಣಾರ, ಎಷ್ಟ ದೊಡ್ಡ ಮನಸ್ಸರಿ ನಿಮ್ದು! ಬ್ಯಾರೇದವ್ರಾಗಿದ್ರ ಹಿಂಗ ಬಿಚ್ಚಿ ಹೇಳ್ತಿರಲಿಲ್ಲ. ಇನ್ನ ಮಾವಾರು ಯಾರ ಹಂಗಿಲ್ದ ತಾವ ಹಿಡೀತಾರು."

ಯಾರ ಹಂಗೂ ಇಲ್ಲದೆ. ಫೋನು ಇಟ್ಟ ಮೇಲೆ ಆ ಮಾತು ನನಗೆ ಪೂರಾ ತಿಳಿಯಿತು. ನಿಂಗರಾಜನಿಗೆ ಸಿಗಬಾರದು ಎನ್ನುವ ಭರದಲ್ಲಿ ನನಗೆ ಸಿಕ್ಕದ್ದನ್ನೂ ನಾನೇ ಎತ್ತಿ ಕೊಟ್ಟುಬಿಟ್ಟಿದ್ದೆ. ಭಾನುವಾರ ಅವನು ಆ ಕರಿಯ ರೀಲನ್ನು ತರುತ್ತಾನೆ. ಮಾವ ತಾವೇ ಬೀಸುತ್ತಾರೆ, ತಾವೇ ತಿರುವುತ್ತಾರೆ, ಪಕ್ಕದಲ್ಲಿ ಯಾರೂ ಬೇಕಾಗುವುದಿಲ್ಲ. ನನ್ನ ಜೀವಮಾನದಲ್ಲಿ ಷಡ್ಡಕನಿಗೆ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ, ಅದೂ ಹೊಟ್ಟೆಕಿಚ್ಚಿಗೆ ಮಾಡಿದ್ದು.

ಗಿರಿಜಾ ಎಲ್ಲವನ್ನೂ ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದಳು. ಕೈ ಒರೆಸಿಕೊಳ್ಳುತ್ತ ಬಂದು, ಮೇಜಿನ ಮೇಲಿನ ಕೆಂಪು ರೀಲನ್ನೂ ನನ್ನ ಮುಖವನ್ನೂ ನೋಡಿ, "ಅಪ್ಪಗ ಎಲಿ ಅಡಿಕಿ ಮಡಚಿ ಕೊಡೂ ಯಂತ್ರ ಇನ್ನೂ ಬಂದಿಲ್ಲೇಳ್ರಿ" ಎಂದಳು.

ಭಾನುವಾರ ಮೊದಲ ಬಸ್ಸಿಗೇ ಹೊರಟಿದ್ದೇನೆ. ನಿಂಗರಾಜ ಹೊಳೆಗೆ ಬಂದು ಮುಟ್ಟುವುದರೊಳಗೆ ನಾನು ಆ ಬಂಡೆಯ ಮೇಲೆ ಕುಳಿತಿರಬೇಕು.